ಗ್ಯಾಸ್, ಕರೆಂಟ್, ದಿನಸಿ: ತಿಂಗಳ ಕೊನೆವರೆಗೆ ಬರಬೇಕಂದ್ರೆ ಎಲ್ಲಿಂದ ಶುರು ಮಾಡಬೇಕು?

ಸಂತೆಚೀಲ
ಬಾಡಿಗೆ, ಸ್ಕೂಲ್ ಫೀಸು, ಸಾಲದ ಕಂತು, ಇವನ್ನ ನಾವಾಗಿ ಕಡಿಮೆ ಮಾಡೋಕಾಗಲ್ಲ. ನಮ್ಮ ಕೈಯಲ್ಲಿರೋದು ಅಡುಗೆಮನೆ, ಬಚ್ಚಲುಮನೆ, ಕರೆಂಟ್ ಮೀಟರ್ ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಎಲ್ಲರಿಗೂ ಗೊತ್ತು, ಆ ಮಾತು ಇಲ್ಲಿ ಬೇಡ. ಅಳತೆ ಬೇಕು. ಎಷ್ಟು ನೀರು, ಎಷ್ಟು ನಿಮಿಷ, ಎಷ್ಟು ಯೂನಿಟ್, ಎಲ್ಲಿ ಕೆಡುತ್ತೆ, ಯಾಕೆ ಕೆಡುತ್ತೆ. ನಾಲ್ಕು ಜನರ ಮನೆ ಅಂತ ಇಟ್ಕೊಂಡು ಹೇಳಿ. ಮೊದಲನೇ ಪ್ರಶ್ನೆ: 14.2 ಕಿಲೋ ಸಿಲಿಂಡರ್ ತಿಂಗಳು ತುಂಬೋ ಮೊದಲೇ ಮುಗೀತಿದ್ರೆ ಏನು ನೋಡಬೇಕು?

ಒಲೆಮುಂದೆ
ಮೊದಲು ಲೆಕ್ಕ ನೋಡಿ. 14.2 ಕಿಲೋ 30 ದಿನಕ್ಕೆ ಅಂದ್ರೆ ದಿನಕ್ಕೆ 470 ಗ್ರಾಂ ಚಿಲ್ಲರೆ. ಮನೆ ಸ್ಟವ್‌ನ ದೊಡ್ಡ ಬರ್ನರ್ ಫುಲ್ ಇಟ್ರೆ ಗಂಟೆಗೆ ಸುಮಾರು 150ರಿಂದ 200 ಗ್ರಾಂ ಉರಿಯುತ್ತೆ. ಅಂದ್ರೆ ದೊಡ್ಡ ಬರ್ನರ್ ದಿನಾ ಎರಡೂವರೆ-ಮೂರು ಗಂಟೆ ಫುಲ್‌ನಲ್ಲಿ ಉರಿದ ಹಾಗಾಯ್ತು. ನಾಲ್ಕು ಜನರ ತಿಂಡಿ, ಎರಡು ಹೊತ್ತಿನ ಊಟ, ಕಾಫಿಗೆ ಇಷ್ಟೆಲ್ಲ ಬೇಕಾಗಲ್ಲ. ತಿಂಗಳೂ ಬರ್ತಿಲ್ಲ ಅಂದ್ರೆ ನಾಲ್ಕರಲ್ಲಿ ಒಂದು ಕಾರಣ ಇರುತ್ತೆ: ತೂಕ ಕಡಿಮೆ ಬಂದಿದೆ, ಎಲ್ಲೋ ಲೀಕ್ ಇದೆ, ಬರ್ನರ್ ಕಟ್ಟಿಕೊಂಡಿದೆ, ಅಥವಾ ಸ್ನಾನದ ನೀರು ಗ್ಯಾಸ್ ಮೇಲೆ ಕಾಯ್ತಿದೆ.

ತೂಕ: ಸಿಲಿಂಡರ್ ಹಿಡಿಕೆಯ ಕೆಳಗೆ ನಿಂತಿರೋ ಪಟ್ಟಿಗಳಲ್ಲಿ ಒಂದರ ಮೇಲೆ ಖಾಲಿ ಸಿಲಿಂಡರ್ ತೂಕ ಬರೆದಿರುತ್ತೆ, 15 ಅಥವಾ 16 ಕಿಲೋ ಹತ್ತಿರ. ಅದಕ್ಕೆ 14.2 ಕೂಡಿಸಿ. ತಂದುಕೊಡುವವರ ಹತ್ತಿರ ತಕ್ಕಡಿ ಇರಬೇಕು, ತೂಗಿ ಕೊಡಿ ಅಂತ ಕೇಳೋದು ಗ್ರಾಹಕರ ಹಕ್ಕು. ಅರ್ಧ ಕಿಲೋ ವ್ಯತ್ಯಾಸ ಬಂದ್ರೆ ಆ ಸಿಲಿಂಡರ್ ತಗೋಬೇಡಿ. ಅದೇ ಪಟ್ಟಿಗಳಲ್ಲೊಂದರ ಮೇಲೆ ಇಂಗ್ಲಿಷ್ ಎ, ಬಿ, ಸಿ, ಡಿ ಅಕ್ಷರದ ಜೊತೆ ಇಸವಿಯ ಕೊನೆ ಎರಡು ಅಂಕಿ ಇರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಹೀಗೆ ಮೂರು ಮೂರು ತಿಂಗಳು. ಆ ಗಡುವು ದಾಟಿದ್ರೂ ವಾಪಸ್ ಕಳಿಸಿ. ಇನ್ನೊಂದು ಮಾತು, ಬಿಲ್ ಮೊತ್ತದಲ್ಲಿ ಮನೆಗೆ ತಂದುಕೊಡೋ ಖರ್ಚೂ ಸೇರಿರುತ್ತೆ. ಮೂರನೇ ಮಹಡಿ ಅಂತ ಮೇಲೆ 50 ರೂಪಾಯಿ ಕೊಡಲೇಬೇಕು ಅಂತ ಎಲ್ಲೂ ಇಲ್ಲ.

ಲೀಕ್: ಬಟ್ಟಲಲ್ಲಿ ಸೋಪಿನ ನೊರೆ ಮಾಡಿ ರೆಗ್ಯುಲೇಟರ್ ಸುತ್ತ, ಪೈಪಿನ ಎರಡೂ ತುದಿ, ಸ್ಟವ್ ನಾಬ್ ಹತ್ತಿರ ಹಚ್ಚಿ. ಗುಳ್ಳೆ ಬಂದ್ರೆ ಅಲ್ಲಿ ಲೀಕ್. ಬೆಂಕಿಕಡ್ಡಿ ಗೀರಿ ನೋಡೋದು ಮಾತ್ರ ಬೇಡ. ವಾಸನೆ ಜೋರಿದ್ರೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಲೈಟಿನ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಕಿತ್ತಳೆ ಬಣ್ಣದ ಪೈಪ್ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಇಸವಿ ಪೈಪಿನ ಮೇಲೇ ಮುದ್ರಿಸಿರುತ್ತೆ.

ಬರ್ನರ್: ಉರಿ ನೀಲಿ ಇರಬೇಕು. ತುದಿ ಹಳದಿ ಆಗಿ ಪಾತ್ರೆ ತಳಕ್ಕೆ ಮಸಿ ಹಿಡಿತಿದ್ರೆ ಗ್ಯಾಸ್ ಪೂರ್ತಿ ಉರಿತಿಲ್ಲ. ಹಿತ್ತಾಳೆ ಬರ್ನರ್ ತೆಗೆದು, ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಪಿನ್ನಿನಲ್ಲಿ ಒಂದೊಂದೇ ತೂತು ಬಿಡಿಸಿ. ಆಮೇಲೆ ಬಿಸಿಲಲ್ಲಿ ಪೂರ್ತಿ ಒಣಗಬೇಕು. ಒದ್ದೆ ಬರ್ನರ್ ಹಾಕಿದ್ರೆ ಉರಿ ಕುಣಿಯುತ್ತೆ, ಅರ್ಧ ಭಾಗ ಹತ್ತೋದೇ ಇಲ್ಲ. ಒಣಗಿಸಿ ಹಾಕಿದ ಮೇಲೂ ಹಳದಿಯಾಗೇ ಇದ್ರೆ ಒಳಗೆ ಗ್ಯಾಸ್ ಬಿಡೋ ಸಣ್ಣ ತೂತಿನ ಜೆಟ್ ಕಟ್ಟಿಕೊಂಡಿರುತ್ತೆ. ಅದನ್ನ ತಂತಿ ಹಾಕಿ ನೀವೇ ಚುಚ್ಚಬೇಡಿ. ಜೆಟ್ ತೂತು ಕೂದಲೆಳೆಯಷ್ಟು ದೊಡ್ಡದಾದ್ರೂ ಆವತ್ತಿಂದ ಪ್ರತಿ ನಿಮಿಷ ಗ್ಯಾಸ್ ಜಾಸ್ತಿ ಹೋಗುತ್ತೆ. ಮೆಕ್ಯಾನಿಕ್ ಕೈಗೆ ಕೊಡಿ.

ಹಿತ್ತಲ ಕರಿಬೇವು
ಕೊನೆಗೆ ಉರಿ ಸಣ್ಣಗಾದಾಗ ಸಿಲಿಂಡರ್ ಅಡ್ಡ ಮಲಗಿಸಿದ್ರೆ ಇನ್ನೆರಡು ದಿನ ಬರುತ್ತೆ ಅಂತಾರಲ್ಲ?

ಒಲೆಮುಂದೆ
ಮಾಡಬೇಡಿ ಅಕ್ಕ. ಸಿಲಿಂಡರ್ ನೆಟ್ಟಗಿದ್ರೆ ಮೇಲಿಂದ ಆವಿ ಮಾತ್ರ ಬರುತ್ತೆ. ಮಲಗಿಸಿದ್ರೆ ದ್ರವ ಗ್ಯಾಸೇ ರೆಗ್ಯುಲೇಟರಿಗೆ ನುಗ್ಗಿ ಒಲೇಲಿ ಭಗ್ ಅಂತ ಹತ್ತಿಕೊಳ್ಳುತ್ತೆ. ಬಿಸಿನೀರಿನ ಟಬ್‌ನಲ್ಲಿ ಕೂರಿಸೋದೂ ಬೇಡ. ಎಷ್ಟು ಉಳಿದಿದೆ ನೋಡ್ಬೇಕಂದ್ರೆ ಒದ್ದೆ ಬಟ್ಟೆಯಲ್ಲಿ ಸಿಲಿಂಡರನ್ನ ಮೇಲಿಂದ ಕೆಳಗೆ ಒರೆಸಿ. ಖಾಲಿ ಭಾಗ ಬೇಗ ಆರುತ್ತೆ, ಗ್ಯಾಸ್ ಇರೋ ಭಾಗದಲ್ಲಿ ತೇವ ಸ್ವಲ್ಪ ಹೊತ್ತು ನಿಲ್ಲುತ್ತೆ. ಆ ಗೆರೆ ಕಣ್ಣಿಗೆ ಕಾಣುತ್ತೆ.

ಒಂದೇ ವಿಷಲ್
ಅಡುಗೆಯಲ್ಲಿ ಗ್ಯಾಸ್ ಪೋಲಾಗೋ ದೊಡ್ಡ ಜಾಗ ಕುಕ್ಕರ್. ಅದು ಉಳಿಸೋಕೆ ಇರೋ ಸಾಮಾನೇ, ಆದ್ರೆ ಫುಲ್ ಉರಿಯಲ್ಲಿ ಐದು, ಆರು ವಿಷಲ್ ಕೂಗಿಸೋ ಅಭ್ಯಾಸದಿಂದ ಆ ಲಾಭವೆಲ್ಲ ಆವಿಯಾಗಿ ಹೋಗುತ್ತೆ. ಒಳಗೆ ಪ್ರೆಶರ್ ತುಂಬಿದ ಮೇಲೆ ಸುಮಾರು 120 ಡಿಗ್ರಿ ಇರುತ್ತೆ. ಉರಿ ಎಷ್ಟೇ ಜಾಸ್ತಿ ಮಾಡಿ, ಅದು ಏರಲ್ಲ. ಜಾಸ್ತಿ ಉರಿ ಕೊಟ್ಟಿದ್ದೆಲ್ಲ ವಿಷಲ್ ಆಗಿ ಹೊರಗೆ ಹೋಗುತ್ತೆ. ಬೇಯಿಸೋದು ಸಮಯ, ವಿಷಲ್ ಅಲ್ಲ.

ಮುಚ್ಚಳದ ಮೇಲೆ ವೆಯ್ಟ್ ಬೇರೆಯಾಗಿ ಇಡೋ ಕುಕ್ಕರ್ ಆದ್ರೆ, ಮೊದಲು ವೆಯ್ಟ್ ಇಲ್ಲದೆ ಫುಲ್ ಉರಿ ಇಡಿ. ಕೊಳವೆಯಿಂದ ಆವಿ ಒಂದೇ ಸಮ ದಾರದ ಹಾಗೆ ಬರೋಕೆ ಶುರುವಾದ್ಮೇಲೆ ವೆಯ್ಟ್ ಇಡಿ. ಮೊದಲೇ ಇಟ್ರೆ ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ಬೇಗ ಕೂಗುತ್ತೆ, ಬೇಳೆ ಮಾತ್ರ ಬೆಂದಿರಲ್ಲ. ಮೊದಲ ವಿಷಲ್ ಬಂದ ತಕ್ಷಣ ಸಣ್ಣ ಬರ್ನರಿಗೆ ಎತ್ತಿಟ್ಟು ಸಿಮ್ ಮಾಡಿ. ಅಲ್ಲಿಂದ ಗಡಿಯಾರ ನೋಡಿ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ 6-7 ನಿಮಿಷ. ನೆನೆಸದ ಬೇಳೆಗೆ 10-12. ಅನ್ನಕ್ಕೆ 5. ರಾತ್ರಿಯಿಡೀ ನೆನೆದ ಕಡಲೆಕಾಳು, ಹುರುಳಿಗೆ 15ರಿಂದ 20. ಆಮೇಲೆ ಆಫ್ ಮಾಡಿ ಹತ್ತು ನಿಮಿಷ ಮುಟ್ಟಬೇಡಿ. ಆ ಹತ್ತು ನಿಮಿಷದಲ್ಲೂ ಒಳಗೆ ಬೇಯುತ್ತಾ ಇರುತ್ತೆ, ಗ್ಯಾಸ್ ಮಾತ್ರ ಖರ್ಚಿಲ್ಲ. ಅವಸರಕ್ಕೆ ವೆಯ್ಟ್ ಎತ್ತಿ ಆವಿ ಬಿಟ್ರೆ ಆ ಬಿಸಿ ಕಳ್ಕೊಂಡ ಹಾಗೆ.

ಕೆಳಗೆ ಬೇಳೆ, ಮೇಲೆ ಬಟ್ಟಲಲ್ಲಿ ಅನ್ನ ಒಟ್ಟಿಗೆ ಇಡುವಾಗ ಬೇಳೆಗೆ ಮೂರು ಪಾಲು ನೀರು, ಅಕ್ಕಿಗೆ ಎರಡು. ಹೊಸ ಅಕ್ಕಿ ಆದ್ರೆ ಒಂದೂಮುಕ್ಕಾಲು ಸಾಕು, ಇಲ್ಲಾಂದ್ರೆ ಮುದ್ದೆಯಾಗುತ್ತೆ. ಬೇಳೆಗೆ ಅರ್ಧ ಚಮಚ ಎಣ್ಣೆ, ಚಿಟಿಕೆ ಅರಿಶಿನ ಹಾಕಿದ್ರೆ ನೊರೆ ಉಕ್ಕಿ ಕೊಳವೆ ಕಟ್ಟಲ್ಲ. ಕುಕ್ಕರನ್ನ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಬೇಳೆ ಕಾಳು ಆದ್ರೆ ಅರ್ಧ.

ಮುಚ್ಚಳದ ಪಕ್ಕದಿಂದ ಆವಿ ಸೋರ್ತಿದ್ರೆ ಗ್ಯಾಸ್ಕೆಟ್ ಸಡಿಲ ಆಗಿದೆ. ತಾತ್ಕಾಲಿಕಕ್ಕೆ ಫ್ರೀಜರಲ್ಲಿ ಹತ್ತು ನಿಮಿಷ ಇಟ್ರೆ ಕುಗ್ಗುತ್ತೆ. ತೊಳೆದು ಬೇರೆ ಇಡಿ, ಮುಚ್ಚಳಕ್ಕೇ ಸಿಕ್ಕಿಸಿ ಬಿಟ್ರೆ ಬೇಗ ಹಿಗ್ಗುತ್ತೆ. ವರ್ಷಕ್ಕೊಮ್ಮೆ ಬದಲಾಯಿಸಿ. ಸೇಫ್ಟಿ ವಾಲ್ವ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ, ಆ ಕುಕ್ಕರ್ ಕಂಪನಿದೇ ಹಾಕಿ. ರಸ್ತೆ ಬದಿಯ ಹತ್ತು ರೂಪಾಯಿ ವಾಲ್ವ್ ಕರಗಬೇಕಾದಾಗ ಕರಗದಿದ್ರೆ ಕುಕ್ಕರೇ ಸಿಡಿಯುತ್ತೆ.

ಕೋಲಾರದ ನೀರು
ನಮ್ಮ ಕಡೆ ಬೋರ್ ನೀರು. ನೆನೆಸಿದ್ರೂ ಬೇಳೆ ಗಟ್ಟಿ. ಏನು ಮಾಡೋದು?

ಒಂದೇ ವಿಷಲ್
ಬೋರ್ ನೀರಲ್ಲಿರೋ ಸುಣ್ಣದ ಅಂಶ ಬೇಳೆ ಸಿಪ್ಪೆ, ಗೋಡೆಗಳನ್ನ ಗಟ್ಟಿ ಮಾಡುತ್ತೆ. ಫಿಲ್ಟರ್ ನೀರಿದ್ರೆ ಬೇಳೆಗೆ ಮಾತ್ರ ಅದನ್ನೇ ಹಾಕಿ. ಇಲ್ದಿದ್ರೆ ನೀರನ್ನ ಒಮ್ಮೆ ಕುದಿಸಿ ಆರಿಸಿ, ತಳದಲ್ಲಿ ಕೂತ ಬಿಳಿ ಪುಡಿ ಬಿಟ್ಟು ಮೇಲಿನದು ಬಳಸಿ. ಅಷ್ಟಕ್ಕೂ ಗ್ಯಾಸ್ ಯಾಕೆ ಅನ್ನಿಸಿದ್ರೆ ಒಂದು ಕಪ್ ಬೇಳೆಗೆ ಚಿಟಿಕೆ ಅಡುಗೆ ಸೋಡಾ. ಚಿಟಿಕೆ ದಾಟಿದ್ರೆ ರುಚಿ ಸೋಪಿನ ಹಾಗಾಗುತ್ತೆ. ಹುಣಸೆಹುಳಿ, ಟೊಮೆಟೊ ಬೇಳೆ ಬೆಂದ ಮೇಲೆ ಮಾತ್ರ, ಹುಳಿ ಮುಂಚೆ ಬಿದ್ರೆ ಬೇಳೆ ಬೇಯೋದಿಲ್ಲ. ಇಷ್ಟಾದ್ರೂ ಬೇಯದಿದ್ರೆ ಆ ಬೇಳೆ ಹಳೇ ದಾಸ್ತಾನು, ಅಂಗಡಿ ಬದಲಾಯಿಸಿ.

ಜವಾರಿ ಜೋಳ
ನಮ್ಮ ಕಡೆ ರೊಟ್ಟಿ ಲೆಕ್ಕ ಬ್ಯಾರೆ ಐತ್ರಿ. ದಿನಾ ಎಂಟು ರೊಟ್ಟಿ ಸಲುವಾಗಿ ಎರಡ ಹೊತ್ತು ಹಂಚು ಕಾಯಿಸೂದು ಅಂದ್ರ ಗ್ಯಾಸ್ ಹಾಳ. ಹಂಚು ಕಾಯಾಕ ನಾಕೈದು ನಿಮಿಷ ಬೇಕು, ಆ ಬಿಸಿ ಎಲ್ಲಾ ಎಂಟು ರೊಟ್ಟಿಗೇ ಮುಗೀತು. ವಾರಕ್ಕೊಮ್ಮೆ ಕುಂತು ಒಂದ ಸಲಕ್ಕ ನಲವತ್ತು-ಐವತ್ತು ಬಡೀರಿ. ಬೆಂದ ರೊಟ್ಟಿ ಅರಬಿ (ಬಟ್ಟಿ) ಮ್ಯಾಲ ಹರವಿ ಆರಿಸ್ರಿ, ಆಮ್ಯಾಲ ಆ ಬಿಸಿ ಹಂಚಿನ ಮ್ಯಾಲೇ ಉರಿ ಸಣ್ಣ ಮಾಡಿ ಒಂದೊಂದ ಖಡಕ್ ಮಾಡ್ರಿ. ಮುರದ್ರ ಟಕ್ ಅನ್ನಬೇಕು. ನಡುವ ಹಸಿ ಉಳದ್ರ ನಾಕ ದಿನಕ್ಕ ಬೂಸ್ರು ಹಿಡೀತದ. ಪೂರಾ ಒಣಗಿದ್ದು ಬುಟ್ಟಿಯೊಳಗ ಅರಬಿ ಮುಚ್ಚಿ ಇಟ್ರ ತಿಂಗಳ ತನಕ ಏನೂ ಆಗಂಗಿಲ್ಲ. ಶೇಂಗಾ ಚಟ್ನಿ, ಮೊಸರು ಇದ್ರ ಒಂದ ಹೊತ್ತಿನ ಒಲೀನ ಹಚ್ಚೂದು ಬ್ಯಾಡ.

ಹಿಟ್ಟು ಮಾತ್ರ ಜಾಸ್ತಿ ಬೀಸಿಸಿ ಇಡಬ್ಯಾಡ್ರಿ. ಜ್ವಾಳದ ಹಿಟ್ಟು ಹಳೇದಾದ್ರ ಜಿಗಿ ಹೋಗ್ತದ, ಬಡಿವಾಗ ಅಂಚು ಸೀಳ್ತದ, ಅರ್ಧ ರೊಟ್ಟಿ ಹಾಳ. ಹತ್ತು-ಹದಿನೈದು ದಿನಕ್ಕ ಸಾಕಾಗುವಷ್ಟ ಗಿರಣಿಗೆ ಒಯ್ರಿ. ಹಿಟ್ಟು ಹಳೇದಾಗೇಬಿಟ್ಟದ ಅಂದ್ರ ಕುದಿಯೂ ಎಸರಿನೊಳಗ ಹಿಟ್ಟು ಹಾಕಿ ಮುಚ್ಚಿಟ್ಟು ನಾದ್ರಿ, ಸ್ವಲ್ಪ ಕೂಡ್ತದ.

ಮೀಟರ್ ಮಿಣುಕು
ಒಲೆಮುಂದೆ ಅವರು ಸ್ನಾನದ ನೀರು ಅಂದ್ರಲ್ಲ, ಅದನ್ನ ಬಿಡಿಸಿ ಹೇಳಬೇಕು. ಹಲವು ಮನೆಗಳಲ್ಲಿ ದೊಡ್ಡ ಖರ್ಚು ಅದು.

20 ಲೀಟರ್ ಬಕೆಟ್ ನೀರು 25 ಡಿಗ್ರಿಯಿಂದ 40 ಡಿಗ್ರಿಗೆ ಬರೋಕೆ 0.35 ಯೂನಿಟ್‌ನಷ್ಟು ಶಾಖ ಬೇಕು. ಯಾವ ಒಲೆ, ಯಾವ ಗೀಸರ್ ಆದ್ರೂ ಇದರಲ್ಲಿ ರಿಯಾಯಿತಿ ಇಲ್ಲ. ನಾಲ್ಕು ಬಕೆಟ್‌ಗೆ ದಿನಕ್ಕೆ 1.4, ತಿಂಗಳಿಗೆ 42 ಯೂನಿಟ್. ಒಂದು ಸಿಲಿಂಡರಿನ ಪೂರ್ತಿ ಗ್ಯಾಸಿನಲ್ಲಿ ಸುಮಾರು 180 ಯೂನಿಟ್ ಶಾಖ ಇದೆ. ಒಲೆಯಿಂದ ಪಾತ್ರೆಗೆ ಸೇರೋದು ಮೂರನೇ ಎರಡು ಭಾಗ, ಅಂದ್ರೆ 120 ಯೂನಿಟ್. ಸ್ನಾನದ ನೀರನ್ನ ಗ್ಯಾಸ್ ಮೇಲೆ ಕಾಯಿಸೋ ಮನೆಯಲ್ಲಿ ಮೂರನೇ ಒಂದು ಸಿಲಿಂಡರ್ ಬಚ್ಚಲಿಗೇ ಹೋಯ್ತು. ಮಹಡಿ ಮೇಲೆ ಕಪ್ಪು ಬಣ್ಣದ ಡ್ರಮ್ಮಿನಲ್ಲಿ ನೀರಿಟ್ಟು ಸಂಜೆ ಸ್ನಾನ ಮಾಡಿದ್ರೆ ಬೇಸಿಗೆಯಲ್ಲಿ ಕಾಯಿಸೋದೇ ಬೇಕಾಗಲ್ಲ. ಮಲೆನಾಡು, ಕರಾವಳಿಯಲ್ಲಿ ತೆಂಗಿನ ಸಿಪ್ಪೆ, ಅಡಿಕೆ ಹಾಳೆ ಇರೋರು ಹಂಡೆ ಒಲೆ ಬಿಡಬೇಡಿ.

ಕುಡಿಯೋ ನೀರಿನದೂ ಹೀಗೇ. ದಿನಾ 5 ಲೀಟರ್ ಕುದಿಸಿದ್ರೆ ತಿಂಗಳಿಗೆ 12-13 ಯೂನಿಟ್, ಸಿಲಿಂಡರಿನ ಹತ್ತನೇ ಒಂದು ಭಾಗ. ಅದು ಆರೋಗ್ಯದ ವಿಷಯ, ಬಿಡೋಕಾಗಲ್ಲ. ಆದ್ರೆ ಕುದಿ ಬಂದು ಒಂದು ನಿಮಿಷ ಸಾಕು, ಹತ್ತು ನಿಮಿಷ ಕುದಿಸೋದು ಬೇಡ. ಮುಚ್ಚಳ ಹಾಕಿಯೇ ಕುದಿಸಿ.

ಗ್ಯಾಸ್ ಅಗ್ಗವೋ ಇಂಡಕ್ಷನ್ ಅಗ್ಗವೋ ಅಂತ ಜಗಳ ಬೇಡ, ಲೆಕ್ಕ ಹಾಕಿ. ನಿಮ್ಮ ಸಿಲಿಂಡರ್ ಬೆಲೆಯನ್ನ 120ರಿಂದ ಭಾಗಿಸಿ. ನಿಮ್ಮ ಕರೆಂಟ್ ಒಂದು ಯೂನಿಟ್ಟಿಗೆ ತೆರಿಗೆ ಎಲ್ಲ ಸೇರಿ ಬೀಳೋ ದರವನ್ನ 0.85ರಿಂದ ಭಾಗಿಸಿ, ಇಂಡಕ್ಷನ್‌ನಿಂದ ಪಾತ್ರೆಗೆ ಸೇರೋದು ಸುಮಾರು ಅಷ್ಟು ಭಾಗ. ಯಾವುದು ಕಡಿಮೆಯೋ ಅದು ಅಗ್ಗ. ಉದಾಹರಣೆಗೆ ಸಿಲಿಂಡರ್ 900 ಅಂದ್ಕೊಂಡ್ರೆ 7.50 ರೂಪಾಯಿ. ಯೂನಿಟ್ 7 ರೂಪಾಯಿ ಬಿದ್ರೆ 8.20. ಹೆಚ್ಚುಕಡಿಮೆ ಸಮಸಮ, ಹೊಸ ಇಂಡಕ್ಷನ್, ಹೊಸ ಪಾತ್ರೆ ಕೊಂಡು ತುಂಬಿಕೊಳ್ಳೋವಷ್ಟು ಲಾಭ ಅಲ್ಲ. ಇಂಡಕ್ಷನ್‌ಗೆ ತಳ ಸಪಾಟಾಗಿ, ಅಯಸ್ಕಾಂತ ಅಂಟೋ ಪಾತ್ರೆ ಬೇಕು. ಬರೀ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ.

ಸಂತೆಚೀಲ
ಗೃಹಜ್ಯೋತಿ ಇರುವಾಗ ಕರೆಂಟ್ ಪುಕ್ಕಟೆ ಅಲ್ವಾ? ಹಾಗಾದ್ರೆ ಎಲ್ಲ ಅಡುಗೆ, ಸ್ನಾನದ ನೀರು ಕರೆಂಟಿಗೇ ಹಾಕಬಹುದಲ್ಲ?

ಮೀಟರ್ ಮಿಣುಕು
ಇಲ್ಲಿ ತುಂಬಾ ಜನ ಎಡವೋದು. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದ್ದು ನಿಮ್ಮ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ. 10ರ ಬದಲು 10 ಯೂನಿಟ್ ಸೇರಿಸ್ತಾರೆ. ಸರಾಸರಿ 100 ಇದ್ದ ಮನೆಗೆ ಮಿತಿ 110. ಈ ತಿಂಗಳು 125 ಉರಿದ್ರೆ 15 ಯೂನಿಟ್ ದುಡ್ಡು ಕಟ್ಟಬೇಕು. 200 ದಾಟಿದ್ರೆ ಮಾತ್ರ ಇಡೀ ಬಿಲ್ಲು ನಿಮ್ಮದೇ. 195ರಲ್ಲಿ ಇರೋ ಮನೆಗೆ ಕೊನೆಯ ಆರು ಯೂನಿಟ್ ಅತಿ ದುಬಾರಿ. ಅದಕ್ಕೆ ಬಿಲ್ ಓದಿದ ದಿನ ಮೀಟರ್ ಅಂಕಿ ಬರೆದಿಟ್ಟು, ಹದಿನೈದು ದಿನಕ್ಕೆ ಇನ್ನೊಮ್ಮೆ ನೋಡಿ. ಮಿತಿಯೊಳಗೆ ಜಾಗ ಉಳಿದಿದ್ರೆ ಆ ಯೂನಿಟ್‌ಗಳನ್ನ ಅನ್ನಕ್ಕೋ ಕಾಫಿ ನೀರಿಗೋ ಬಳಸಿ ಗ್ಯಾಸ್ ಉಳಿಸಿ. ಬಾಡಿಗೆ ಮನೆ ಬದಲಾಯಿಸಿದ್ರೆ ಹಳೇ ಮೀಟರಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸೋದು ಮರೀಬೇಡಿ.

ಈಗ ಮೀಟರ್ ಮುಂದೆ ನಿಂತು ನೋಡೋ ಕೆಲಸ. ಮೀಟರಿನ ಮೇಲೆ ಕೆಂಪು ದೀಪ ಮಿಣುಕ್ತಿರುತ್ತೆ, ಅದರ ಪಕ್ಕ 3200 ಅಥವಾ 1600 ಅಂತ ಒಂದು ಸಂಖ್ಯೆ. 3200 ಅಂದ್ರೆ ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. ಮನೆಯಲ್ಲಿ ಒಂದೇ ಸಾಮಾನು ಆನ್ ಮಾಡಿ, ಒಂದು ನಿಮಿಷದಲ್ಲಿ ಎಷ್ಟು ಸಲ ಮಿಣುಕಿತು ಎಣಿಸಿ, 18.75ರಿಂದ ಗುಣಿಸಿ. ಬಂದಿದ್ದೇ ವ್ಯಾಟ್. 1600 ಇದ್ರೆ 37.5ರಿಂದ ಗುಣಿಸಿ. ಹಳೇ ಸೀಲಿಂಗ್ ಫ್ಯಾನ್ ನಿಮಿಷಕ್ಕೆ ನಾಲ್ಕು ಸಲ ಮಿಣುಕಿಸುತ್ತೆ, 2000 ವ್ಯಾಟಿನ ಗೀಸರ್ ನೂರಕ್ಕೂ ಜಾಸ್ತಿ, ಎಣಿಸೋಕೇ ಆಗಲ್ಲ.

ಆಮೇಲೆ ಫ್ಯಾನ್, ಲೈಟು ಆರಿಸಿ, ಫ್ರಿಜ್ ಕೂಡ ತೆಗೆದು, ಟಿವಿ, ಸೆಟ್‌ಟಾಪ್ ಬಾಕ್ಸಿನ ಗೋಡೆ ಸ್ವಿಚ್ ಇರೋ ಹಾಗೇ ಬಿಟ್ಟು ರಿಮೋಟಿನಲ್ಲಿ ಮಾತ್ರ ಆಫ್ ಮಾಡಿ ನೋಡಿ. ನಿಮಿಷಕ್ಕೊಂದು ಸಲ ಮಿಣುಕ್ತಿದ್ರೆ 19 ವ್ಯಾಟ್ ಸುಮ್ಮನೆ ಹೋಗ್ತಿದೆ, ತಿಂಗಳಿಗೆ 13 ಯೂನಿಟ್ ಮೇಲೆ. ಗೋಡೆ ಸ್ವಿಚ್ ಆಫ್ ಮಾಡಿದ್ರೆ ಅಷ್ಟೂ ಉಳೀತು. ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ ಮಿಣುಕ್ತಿದ್ರೆ ವೈರಿಂಗಲ್ಲಿ ಲೀಕೇಜ್ ಇದೆ, ಅಥವಾ ಬೇರೆ ಮನೆಯ ಲೈನ್ ನಿಮ್ಮ ಮೀಟರಿಗೆ ಸೇರಿದೆ. ಎಲೆಕ್ಟ್ರಿಷಿಯನ್ ಕರೆಸಿ.

ಮೊಬೈಲ್ ಚಾರ್ಜರ್ ಪ್ಲಗ್ಗಿಂದ ತೆಗೀರಿ ಅಂತ ಎಲ್ಲ ಕಡೆ ಬರೀತಾರೆ. ಅದರಿಂದ ಉಳಿಯೋದು ಲೆಕ್ಕಕ್ಕೇ ಸಿಗಲ್ಲ. ಆ ಶ್ರದ್ಧೆಯನ್ನ ಗೀಸರ್ ಮೇಲೆ ತೋರಿಸಿ: 15 ಲೀಟರ್, 2000 ವ್ಯಾಟಿನ ಗೀಸರ್‌ಗೆ 25ರಿಂದ 55 ಡಿಗ್ರಿಗೆ ಬರೋಕೆ 16 ನಿಮಿಷ ಸಾಕು. ಬೆಳಿಗ್ಗೆ ಎದ್ದ ತಕ್ಷಣ ಹಾಕಿ ಎಂಟು ಗಂಟೆ ತನಕ ಬಿಡೋದು ಬೇಡ. ನಾಲ್ಕೂ ಜನ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ.

ಸೊಪ್ಪಿನ ಕಟ್ಟು
ದಿನಸಿಗೆ ಬರೋಣ. ತೊಗರಿಬೇಳೆಯೊಂದನ್ನೇ ನಂಬಿಕೊಂಡ್ರೆ ಬಜೆಟ್ ನಿಲ್ಲಲ್ಲ. ಬಸ್ಸಾರು ಮಾಡೋದು ಕಲಿತ ಮನೆಗೆ ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯ್ತು, ಪಲ್ಯನೂ ಆಯ್ತು. ನಾಲ್ಕು ಜನಕ್ಕೆ 150 ಗ್ರಾಂ ಅಲಸಂದೆ ಅಥವಾ ಹೆಸರುಕಾಳು, ಒಂದು ಕಟ್ಟು ದಂಟಿನ ಸೊಪ್ಪು, ಆರು ಲೋಟ ನೀರು. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ ಐದು ನಿಮಿಷ. ಬಸಿಯಿರಿ. ಕೆಳಗೆ ಬಂದ ಬಸಿದ ನೀರಿಗೆ ಒಂದು ಸೌಟು ಬೆಂದ ಕಾಳು-ಸೊಪ್ಪು, ಒಂದು ಹಿಡಿ ತೆಂಗಿನತುರಿ, ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ, ಎರಡು ಚಮಚ ಸಾರಿನ ಪುಡಿ, ಹುಣಸೆಹಣ್ಣು ರುಬ್ಬಿ ಹಾಕಿ ಕುದಿಸಿದ್ರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ, ಕಾಯಿತುರಿ ಹಾಕಿದ್ರೆ ಪಲ್ಯ. ಕಾಳು ಪೂರ್ತಿ ಬೆಂದು ಒಡೆದುಹೋದ್ರೆ ಪಲ್ಯ ಹಿಟ್ಟಿನ ಹಾಗಾಗುತ್ತೆ, ಅದಕ್ಕೇ ಮುಕ್ಕಾಲು ಬೆಂದಾಗ ಸೊಪ್ಪು ಹಾಕಬೇಕು. ಜೊತೆಗೆ ಮುದ್ದೆ: ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮರುದಿನದ ಬಸ್ಸಾರು ಮೊದಲ ದಿನಕ್ಕಿಂತ ರುಚಿ, ಹಾಗಾಗಿ ಎರಡು ಹೊತ್ತಿಗೆ ಆಗುವಷ್ಟೇ ಮಾಡಿ.

ದಿನದ ಹುಳಿಗೆ ಅರ್ಧ ತೊಗರಿ, ಅರ್ಧ ಹೆಸರುಬೇಳೆ ಹಾಕಬಹುದು. ಹೆಸರುಬೇಳೆ ಬೇಗ ಬೇಯುತ್ತೆ, ಗ್ಯಾಸೂ ಉಳಿಯುತ್ತೆ. ಪೂರ್ತಿ ಹೆಸರುಬೇಳೆ ಆದ್ರೆ ಆರಿದ ಮೇಲೆ ಗಟ್ಟಿಯಾಗಿ ಲೋಳೆ ಬರುತ್ತೆ, ಅದು ತೊವ್ವೆಗೆ ಸರಿ.

ಹೀರೆಕಾಯಿ ಸಿಪ್ಪೆ ಬಿಸಾಕಬೇಡಿ. ಅರ್ಧ ಕಿಲೋ ಕಾಯಿಯ ಸಿಪ್ಪೆಯನ್ನ ಒಂದು ಚಮಚ ಎಣ್ಣೆಯಲ್ಲಿ ಹಸಿವಾಸನೆ ಹೋಗೋ ತನಕ ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ಕಾಯಿತುರಿ ಜೊತೆ ರುಬ್ಬಿದ್ರೆ ಚಟ್ನಿ. ಕಾಯಿಯ ತುದಿ ಚೂರು ಕಚ್ಚಿ ನೋಡಿ. ಕಹಿ ಇದ್ರೆ ಸಿಪ್ಪೆ, ತಿರುಳು ಎರಡೂ ಎಸೀರಿ. ಸೋರೆಕಾಯಿಗೂ ಇದೇ ನಿಯಮ. ಆ ಕಹಿ ವಿಷ, ದುಡ್ಡಿನ ಮುಖ ನೋಡಬೇಡಿ.

ರಾತ್ರಿ ಅನ್ನ ಒಂದು ಬಟ್ಟಲು ಮಿಕ್ಕಿದ್ರೆ ಮಸೆದು, ಒಂದೂವರೆ ಬಟ್ಟಲು ಅಕ್ಕಿಹಿಟ್ಟಿಗೆ ಸೇರಿಸಿ ರೊಟ್ಟಿ ತಟ್ಟಿ. ಬರೀ ಹಿಟ್ಟಿನ ರೊಟ್ಟಿಗಿಂತ ಮೆತ್ತಗೆ ಬರುತ್ತೆ.

ಹಿತ್ತಲ ಕರಿಬೇವು
ರೇಷನ್ ಅಕ್ಕಿ ದೋಸೆಗೆ ಆಗುತ್ತಾ? ಅದರಲ್ಲಿ ಪ್ಲಾಸ್ಟಿಕ್ ಅಕ್ಕಿ ತೇಲುತ್ತೆ ಅಂತ ಆರಿಸಿ ಎಸೀತಾರೆ ನಮ್ಮ ಬೀದೀಲಿ.

ಸೊಪ್ಪಿನ ಕಟ್ಟು
ಚೆನ್ನಾಗಿ ಆಗುತ್ತೆ ಅಕ್ಕ. ನಾಲ್ಕು ಲೋಟ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ, ಐದಾರು ಗಂಟೆ ನೆನೆಸಿ. ಉದ್ದನ್ನ ತಣ್ಣೀರು ಚಿಮುಕಿಸಿ ಬೇರೆ ರುಬ್ಬಿದ್ರೆ ಹಿಟ್ಟು ಜಾಸ್ತಿ ಬರುತ್ತೆ, ಮಿಕ್ಸಿ ಬಿಸಿಯಾದ್ರೆ ಉಬ್ಬಲ್ಲ.

ತೇಲೋ ಕಾಳು ಪ್ಲಾಸ್ಟಿಕ್ ಅಲ್ಲ, ದಯವಿಟ್ಟು ಎಸೀಬೇಡಿ. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಅಕ್ಕಿ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿರ್ತಾರೆ. ಬಣ್ಣ ಸ್ವಲ್ಪ ಬೇರೆ ಇರುತ್ತೆ. ಎಸೆದ್ರೆ ಪೌಷ್ಟಿಕಾಂಶವನ್ನೇ ಎಸೆದ ಹಾಗೆ. ಎರಡು ಸಲ ತೊಳೆದ್ರೆ ಸಾಕು, ಐದಾರು ನೀರು ಬೇಡ.

ಉಗ್ರಾಣ
ಒಟ್ಟಿಗೆ ಕೊಂಡ್ರೆ ಅಗ್ಗ ಅನ್ನೋದು ಹುಳ ಬೀಳದಿದ್ರೆ ಮಾತ್ರ ನಿಜ. ಇಡೀ ಕಾಳಿಗೆ ಬೇಗ ಹುಳ ಬೀಳುತ್ತೆ, ಬೇಳೆಗೆ ಕಡಿಮೆ. ಅಲಸಂದೆ, ಹೆಸರುಕಾಳು ತಿಂಗಳಿಗಾಗುವಷ್ಟೇ ತನ್ನಿ. ತೊಗರಿಬೇಳೆ ಮೂರು ತಿಂಗಳದು ತರಬಹುದು: ಒಂದು ದಿನ ಬಿಸಿಲಲ್ಲಿ ಹರವಿ, ಪೂರ್ತಿ ತಣ್ಣಗಾದ ಮೇಲೆ ಕಿಲೋಗೆ ಒಂದು ಸಣ್ಣ ಚಮಚ ಹರಳೆಣ್ಣೆ ಕೈಯಲ್ಲಿ ಉಜ್ಜಿ ಡಬ್ಬಿಗೆ ಹಾಕಿ. ಬಿಸಿಯಾಗಿರುವಾಗಲೇ ಮುಚ್ಚಿದ್ರೆ ಒಳಗೆ ಬೆವರಿ ಬೂಷ್ಟು. ಬಳಸುವಾಗ ಬಿಸಿನೀರಲ್ಲಿ ಒಮ್ಮೆ ತೊಳೆದ್ರೆ ಎಣ್ಣೆ ಹೋಗುತ್ತೆ. ಕಾಳು ಜಾಸ್ತಿ ತಂದೇಬಿಟ್ಟಿದ್ರೆ ಫ್ರೀಜರಲ್ಲಿ ನಾಲ್ಕು ದಿನ ಇಟ್ಟು ತೆಗೆದ್ರೆ ಮೊಟ್ಟೆ ಸಾಯುತ್ತೆ. ರವೆ ಹುರಿದಿಡಿ.

ಅಕ್ಕಿಗೆ ಬೋರಿಕ್ ಪುಡಿ ಬೆರೆಸೋದು ಬೇಡ. ಗೋದಾಮಿನಲ್ಲಿ ಬಳಸೋ ವಿಷದ ಗುಳಿಗೆಯನ್ನಂತೂ ಮನೆಯೊಳಗೆ ತರಲೇಬೇಡಿ. ಅದು ಬಿಡೋ ಗಾಳಿಗೆ ಮಲಗಿದ್ದ ಜನ ಸಾಯ್ತಾರೆ.

ಎಣ್ಣೆ ಪ್ಯಾಕೆಟ್ ಕೊಳ್ಳುವಾಗ ಗ್ರಾಂ ನೋಡಿ. ಒಂದು ಲೀಟರ್ ಅಂದ್ರೆ ಸುಮಾರು 910 ಗ್ರಾಂ. ಈಗ 800, 850 ಗ್ರಾಂ ಪ್ಯಾಕೆಟ್ಟುಗಳೂ ಅದೇ ಗಾತ್ರದಲ್ಲಿ ಕಾಣ್ತವೆ. 910 ಗ್ರಾಂಗೆ 150 ರೂಪಾಯಿ ಆದ್ರೆ 850 ಗ್ರಾಂ 140ಕ್ಕೆ ಸಿಗಬೇಕು. 145 ಅಂದ್ರೆ ಐದು ರೂಪಾಯಿ ಅಗ್ಗ ಅಲ್ಲ, ದುಬಾರಿ. ಕರಿದ ಎಣ್ಣೆ ಸೋಸಿ ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಕಪ್ಪಾಗಿ, ನೊರೆ ಬಂದು, ಬೇಗ ಹೊಗೆ ಆಡಿದ್ರೆ ಅದರ ಆಯಸ್ಸು ಮುಗೀತು.

ಕೋಲಾರದ ನೀರು
ಪಾತ್ರೆ ಕುದಿಸಿ ಕಂಬಳಿ ಸುತ್ತಿಟ್ರೆ ಅನ್ನ ತಾನೇ ಬೇಯುತ್ತೆ ಅಂತಾರೆ. ನಂಬಬಹುದಾ?

ಒಂದೇ ವಿಷಲ್
ನಂಬಬಹುದು, ಕೆಲವು ಷರತ್ತು ಇದೆ ಸರ್. ಅನ್ನ ಮುಚ್ಚಿ ಐದು ನಿಮಿಷ ಕುದಿಸಿ, ಕುದಿತಿರುವಾಗಲೇ ಇಳಿಸಿ, ದಪ್ಪ ಬಟ್ಟೆ ಸುತ್ತಿ ಥರ್ಮೋಕೋಲ್ ಡಬ್ಬದಲ್ಲಿ 40 ನಿಮಿಷ. ಪಾತ್ರೆ ಮುಕ್ಕಾಲಾದ್ರೂ ತುಂಬಿರಬೇಕು, ಇಬ್ಬರ ಅನ್ನ ದೊಡ್ಡ ಪಾತ್ರೆಯಲ್ಲಿಟ್ರೆ ಬೇಗ ತಣ್ಣಗಾಗುತ್ತೆ. ನಡುವೆ ತೆರೆದು ನೋಡಬೇಡಿ. ಬೆಳಿಗ್ಗೆ ಇಟ್ಟು ಸಂಜೆ ತೆಗೆಯೋದಂತೂ ಬೇಡ. ಉಗುರುಬೆಚ್ಚಗೆ ಗಂಟೆಗಟ್ಟಲೆ ಇದ್ದ ಅನ್ನದಲ್ಲಿ ಹುಟ್ಟೋ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ರಾಜ್ಮಾ ಆದ್ರೆ ನೆನೆಸಿ, ಆ ನೀರು ಚೆಲ್ಲಿ, ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೇ ಡಬ್ಬಕ್ಕೆ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತೆ.

ಸಂತೆಚೀಲ
ಕೊನೆಯದೊಂದು. ಹಳೇ ಫ್ಯಾನ್ ತೆಗೆದು ಕಡಿಮೆ ಕರೆಂಟಿನಲ್ಲಿ ತಿರುಗೋ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ ದುಡ್ಡು ವಾಪಸ್ ಬರುತ್ತಾ?

ಮೀಟರ್ ಮಿಣುಕು
ಹಳೇದು 75 ವ್ಯಾಟ್, ಹೊಸದು 30. ದಿನಕ್ಕೆ 12 ಗಂಟೆ ತಿರುಗಿದ್ರೆ ತಿಂಗಳಿಗೆ 16 ಯೂನಿಟ್ ವ್ಯತ್ಯಾಸ. ನಿಮ್ಮ ಬಿಲ್ ಗೃಹಜ್ಯೋತಿ ಮಿತಿಯೊಳಗೇ ಇದ್ರೆ ಆ 16 ಯೂನಿಟ್ಟಿಗೆ ನಿಮ್ಮ ಜೇಬಿಗೆ ಒಂದು ರೂಪಾಯಿಯೂ ಬರಲ್ಲ, ಹಳೇದು ಕೆಡೋ ತನಕ ಓಡಿಸಿ. ಮಿತಿ ದಾಟಿ ದುಡ್ಡು ಕಟ್ತಿದ್ರೆ 16ನ್ನ ನಿಮ್ಮ ಯೂನಿಟ್ ದರದಿಂದ ಗುಣಿಸಿ, ಫ್ಯಾನ್ ಬೆಲೆಯನ್ನ ಅದರಿಂದ ಭಾಗಿಸಿ, ಎಷ್ಟು ತಿಂಗಳು ಅಂತ ಗೊತ್ತಾಗುತ್ತೆ. 200ರ ಅಂಚಿನಲ್ಲಿ ತೂಗಾಡ್ತಿರೋ ಮನೆಯಾದ್ರೆ ಕಾಯಬೇಡಿ, ಅತಿ ಹೆಚ್ಚು ಹೊತ್ತು ತಿರುಗೋ ಒಂದು ಫ್ಯಾನನ್ನ ಮಾತ್ರ ಈಗಲೇ ಬದಲಾಯಿಸಿ.